ರಾಗಿಕಾಳಿನಷ್ಟು ಕಲ್ಲು, ಅದರೊಳಗೊಂದು ಕೆಂಪು ಬಳೆ

ಹೊರಡುವ ಮುಂಚೆ: ಸಾದಲಿ

ಮೀನಿಗೆ ಕಿವಿ ಇದೆ ಎಂಬುದನ್ನೇ ನಮ್ಮ ಮಾವ ಒಪ್ಪಲಿಲ್ಲ. ಆ ಕಿವಿಯೊಳಗೆ ಕಲ್ಲಿದೆ, ಆ ಕಲ್ಲಿಗೆ ಬಣ್ಣ ಹಿಡಿಸಿ ಗುರುತು ಮಾಡುತ್ತಾರೆ, ಅದನ್ನು ನೋಡುವುದಕ್ಕೇ ಜಪಾನಿಗೆ ಹೋಗುತ್ತಿದ್ದೇನೆ ಎಂದಾಗ, ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದವರು ಕೈ ನಿಲ್ಲಿಸಿ ಅತ್ತೆಯ ಮುಖ ನೋಡಿದರು.

"ಚಿಕ್ಕೋಳಿದ್ದಾಗ ಕತ್ತೆಗೆ ಕೊಂಬೈತೆ ಅಂತ ವಾದ ಮಾಡಿ ಗೆದ್ದಿದ್ಲು ನೆನಪೈತಾ? ಈಗ ಮೀನಿಗೆ ಕಿವಿ."

ಈ ಮಾವ ನನ್ನ ತಾಯಿಯ ಅಣ್ಣ, ಮುನಿನಾರಾಯಣಪ್ಪ. ಸಾದಲಿಯ ಪಕ್ಕದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಜೊತೆಗೆ ಊರಿನ ಮೀನುಗಾರರ ಸಂಘದ ಕಾರ್ಯದರ್ಶಿ. ಕೆರೆಗೆ ನೀರು ಬಂದ ವರ್ಷವೆಲ್ಲ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಕಾಟ್ಲಾ, ರೋಹು ಮರಿಗಳನ್ನು ತಂದು ಬಿಡುವುದು ಅವರ ಕೆಲಸ. ಹನ್ನೆರಡು ವರ್ಷದಿಂದ ಅವರೇ ಮಾಡುತ್ತಿದ್ದಾರೆ.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಚಿಂತಾಮಣಿಯಲ್ಲಿ ಡಿಗ್ರಿ ಓದುವಾಗ ಮೂರು ವರ್ಷವೂ ಕಾಲೇಜಿನ ಪರವಾಗಿ ಚರ್ಚಾಸ್ಪರ್ಧೆಗೆ ಹೋದವಳು ನಾನು. ಗೌರಿಬಿದನೂರಿನ ವೇದಿಕೆಯಲ್ಲಿ ಚೀಟಿ ಎತ್ತಿಸಿ ಪರವೋ ವಿರೋಧವೋ ಕೊಡುತ್ತಿದ್ದರು. 'ವಿರೋಧ' ಬಂದರೆ ನನಗೆ ಹಬ್ಬ. ಈಗ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ, ಆದರೆ ಚಟ ಬಿಟ್ಟಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದವಳು ಸಂಘದ ಸಭೆಯಲ್ಲಿ ಸುಮ್ಮನೆ ಕೂತಿರಬಹುದಿತ್ತು. ಕೂರಲಿಲ್ಲ. ಬಲೆಗೆ ಬಿದ್ದ ಮೀನು ನೀವು ಬಿಟ್ಟದ್ದೇ ಎನ್ನಲು ಏನು ಸಾಕ್ಷಿ ಎಂದು ಕೇಳಿದೆ. ಕೋಡಿ ಹರಿದಾಗ ಮೇಲಿನ ಕೆರೆಯಿಂದ ಇಳಿದು ಬಂದಿರಬಾರದೇಕೆ? ನೀವು ಬಿಟ್ಟ ಬೆರಳುದ್ದದ ಮರಿಯನ್ನು ಕೊರವ ಮೀನು ಅಂದೇ ನುಂಗಿರಬಾರದೇಕೆ? ಬರೀ ನಂಬಿಕೆಯ ಮೇಲೆ ಮರಿ ಬಿಡುತ್ತಿದ್ದೀರಿ, ಅಷ್ಟೇ. ಹತ್ತು ನಿಮಿಷ ಮಾತಾಡಿದೆ. ಎದುರು ಮಾತಾಡುವವರು ಯಾರೂ ಇರಲಿಲ್ಲ. ಸಂಘದ ಹಿರಿಯ ಪಿಳ್ಳಪ್ಪ ತಲೆ ಆಡಿಸುತ್ತಾ, "ಹುಡುಗಿ ಹೇಳೋದ್ರಲ್ಲಿ ನ್ಯಾಯ ಐತೆ," ಎಂದರು. ಈ ಮಳೆಗಾಲ ಮರಿ ಬಿಡುವುದೋ ಬೇಡವೋ, ನಾನು ಜಪಾನಿನಿಂದ ಬಂದು ಹೇಳಿದ ಮೇಲೆ ಕೈ ಎತ್ತೋಣ ಎಂದು ತೀರ್ಮಾನವಾಯಿತು.

ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. ಮರಿ ಬೇಡವೆಂದಾದರೆ ಕಾರ್ಯದರ್ಶಿ ಕೆಲಸ ಬಿಟ್ಟುಬಿಡುತ್ತೇನೆ, ಇಷ್ಟು ವರ್ಷ ಊರಿಗೆ ಸುಳ್ಳು ಹೇಳಿದಂಗಾಯ್ತು ಎಂದು ಅತ್ತೆಯ ಹತ್ತಿರ ಹೇಳಿದರಂತೆ. ಅತ್ತೆ ಅದನ್ನು ನನಗೆ ಹೇಳಿದ್ದು ನಾನು ಚೀಲ ತುಂಬುತ್ತಿದ್ದಾಗ. ಬೇಕೆಂದೇ ಆಗಲೇ ಹೇಳಿದರು ಅನ್ನಿಸುತ್ತದೆ.

ವಿಮಾನ ನಿಲ್ದಾಣ ನಮ್ಮ ಚಿಕ್ಕಬಳ್ಳಾಪುರದವರಿಗೆ ಹತ್ತಿರ, ಬೆಂಗಳೂರಿನವರಿಗೇ ದೂರ. ಆ ಒಂದು ವಿಷಯದಲ್ಲಿ ನಾವು ಅವರಿಗಿಂತ ಮುಂದೆ.

ಮೊದಲ ದಿನ: ಬಾಗಿಲಲ್ಲಿಟ್ಟ ತಟ್ಟೆ

ಬಿವಾ ಎಂಬುದು ಜಪಾನಿನ ಎಲ್ಲಕ್ಕಿಂತ ದೊಡ್ಡ ಸರೋವರ. ಕೆರೆ ಎಂದರೆ ನನ್ನ ಲೆಕ್ಕದಲ್ಲಿ ಏರಿ ಇರಬೇಕು, ಕೋಡಿ ಇರಬೇಕು, ಆಚೆ ದಡದಲ್ಲಿ ಯಾರ ಎಮ್ಮೆ ಮೇಯುತ್ತಿದೆ ಎಂದು ಹೇಳುವಂತಿರಬೇಕು. ಇದಕ್ಕೆ ಆಚೆ ದಡ ಮಂಜಿನಂಥ ಒಂದು ಗೆರೆ. ಅಲೆ ಬಂದು ಕಲ್ಲಿಗೆ ಬಡಿಯುತ್ತಿತ್ತು. ನಾನು ಬಗ್ಗಿ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ, ಉಪ್ಪಿಲ್ಲ. ನಂಬುವುದಕ್ಕೂ ಮೊದಲು ನೋಡಬೇಕಲ್ಲ.

ಪೂರ್ವದಂಡೆಯ ಹಿಕೊನೆ ಊರಿನ ಹೊರಗೆ ಮೀನುಮರಿ ಸಾಕುವ ಕೇಂದ್ರವಿದೆ. ವರ್ಷಕ್ಕೊಮ್ಮೆ ಹೊರದೇಶದ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಹನ್ನೆರಡು ದಿನ ಕರೆಸಿ ಕೆಲಸ ಕಲಿಸುತ್ತಾರೆ. ಈ ಸಲ ನಾನೊಬ್ಬಳೇ. ನನ್ನನ್ನು ಬರಮಾಡಿಕೊಂಡವರು ಮೊರಿಟಾ ಎಂಬ ಐವತ್ತರ ಆಸುಪಾಸಿನ ಸಂಶೋಧಕಿ. ಗಿಡ್ಡ ಕೂದಲು, ಕುತ್ತಿಗೆಗೆ ಟವೆಲ್. ಆ ಟವೆಲ್ ನೋಡಿ ನನಗೆ ಮಾವ ನೆನಪಾದರು, ಅದು ಬೇಕಿರಲಿಲ್ಲ. ಅವರು ನಿಧಾನದ ಇಂಗ್ಲಿಷ್ ಆಡುತ್ತಾರೆ, ನಾನು ಜೋರು ಇಂಗ್ಲಿಷ್ ಆಡುತ್ತೇನೆ. ಎರಡೂ ಸೇರಿ ಸಾಕಾಯಿತು.

ಮರಿಗಳ ಕೋಣೆಯ ಬಾಗಿಲಲ್ಲಿ ಒಂದು ಅಗಲದ ತಟ್ಟೆ, ಅದರಲ್ಲಿ ಔಷಧಿ ನೀರು. ನಾನು ಎರಡನೇ ಯೋಚನೆ ಮಾಡದೆ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಬರಿಗಾಲನ್ನು ಅದರಲ್ಲಿಟ್ಟು ಎರಡು ಸಲ ಉಜ್ಜಿ ಆಚೆ ಹೋದೆ. ಹಿಂದಿನಿಂದ ಮೊರಿಟಾ ಅವರ ಕೂಗು ಕೇಳಿಸಿತು. ಅದು ರಬ್ಬರ್ ಬೂಟು ಹಾಕಿಕೊಂಡು ಅದ್ದುವ ತಟ್ಟೆ, ಬರಿಗಾಲಿಗಲ್ಲ. ಐದು ನಿಮಿಷ ನನ್ನ ಕಾಲಿಗೆ ನಲ್ಲಿ ನೀರು ಬಿಟ್ಟರು.

"ಯಾರು ಹೇಳಿಕೊಟ್ಟರು ನಿಮಗೆ ಹೀಗೆ?" ಎಂದು ಕೇಳಿದರು.

ನಮ್ಮ ಕಡೆ ಹುಳುಮನೆಗೆ ಹೋಗುವುದೇ ಹೀಗೆ ಎಂದೆ. ಬ್ಲೀಚಿಂಗ್ ಪೌಡರ್ ನೀರಲ್ಲಿ ಕಾಲದ್ದದೆ ಒಳಗೆ ಹೋದರೆ ನಮ್ಮತ್ತೆ ಪೊರಕೆ ತರುತ್ತಾರೆ. ಹುಳು ಜ್ವರದಲ್ಲಿದ್ದಾಗ, ಅಂದರೆ ಪೊರೆ ಬಿಡುವಾಗ, ನೆಂಟರಿಗೂ ಒಳಗೆ ಬಿಡುವುದಿಲ್ಲ. ಮೊರಿಟಾ ಇದನ್ನೆಲ್ಲ ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು. ನಾನು ಕಲಿಯಲು ಬಂದ ಮೊದಲ ಗಂಟೆಯಲ್ಲೇ ಅವರೇ ನನ್ನಿಂದ ಪಾಠ ಬರೆದುಕೊಂಡಂತಾಯಿತು. ಒಂದು ಅಂಕ ನನಗೆ ಎಂದುಕೊಂಡೆ.

ಮೂರನೇ ದಿನ: ಬೀಟ್‌ರೂಟ್ ನೀರು

ಅವರು ಸಾಕುವ ಮೀನಿನ ಹೆಸರು ನಿಗೊರೊಬುನಾ. ನಮ್ಮ ಕೆರೆಯ ಗೌರಿ ಮೀನಿಗೆ ದೂರದ ನೆಂಟ, ಈ ಸರೋವರ ಬಿಟ್ಟು ಬೇರೆಲ್ಲೂ ಇಲ್ಲ. ದಂಡೆಯ ಜೊಂಡು ಕಡಿಮೆಯಾಗಿ ಮೊಟ್ಟೆಯಿಡುವ ಜಾಗ ಹೋಯಿತು, ಮೀನೂ ಕಡಿಮೆಯಾಯಿತು. ಈಗ ಮರಿ ಮಾಡಿ ಬಿಡುತ್ತಾರೆ. ಬಿಟ್ಟದ್ದು ಉಳಿಯಿತೋ ಇಲ್ಲವೋ ತಿಳಿಯಲು ಬಿಡುವ ಮೊದಲೇ ಗುರುತು ಹಾಕುತ್ತಾರೆ.

ಗುರುತು ಹಾಕುವುದು ಎಂದರೆ ನಾನು ಸೂಜಿ, ಬಿಲ್ಲೆ, ಇಂಥದೇನೋ ಎಂದುಕೊಂಡಿದ್ದೆ. ಕಣ್ಣಿನ ರೆಪ್ಪೆಯ ಕೂದಲಷ್ಟಿರುವ ಮರಿಗೆ ಬಿಲ್ಲೆ ಎಲ್ಲಿ ಕಟ್ಟುತ್ತೀರಿ? ಅವರು ತೊಟ್ಟಿಯ ನೀರಿಗೆ ಅಲಿಜರಿನ್ ಜಾತಿಯ ಬಣ್ಣ ಬೆರೆಸಿದರು. ನೀರು ಬೀಟ್‌ರೂಟ್ ಬೇಯಿಸಿದ ನೀರಿನಂತಾಯಿತು. ಮರಿಗಳನ್ನು ಅದರಲ್ಲಿ ಒಂದು ಹಗಲು ಒಂದು ರಾತ್ರಿ ಬಿಟ್ಟರು. ಮೀನಿನ ಕಿವಿಯೊಳಗಿನ ಕಲ್ಲು ದಿನವೂ ಸುಣ್ಣದ ಪದರ ಪದರವಾಗಿ ಬೆಳೆಯುತ್ತದೆ. ಆ ದಿನದ ಪದರಕ್ಕೆ ಬಣ್ಣ ಅಂಟಿಕೊಳ್ಳುತ್ತದೆ. ಆಮೇಲೆ ಮೀನು ಎಷ್ಟೇ ದೊಡ್ಡದಾಗಲಿ, ಅದರ ಬಾಲ್ಯದ ಆ ಒಂದು ದಿನ ಕಲ್ಲಿನ ನಡುವೆ ಬಳೆಯಾಗಿ ಕೂತಿರುತ್ತದೆ. ಮೊದಲು ಭತ್ತದ ಗದ್ದೆಯಲ್ಲಿ ಸಾಕುವ ತಂಡಕ್ಕೆ ಒಂದು ಸಲ ಅದ್ದಿದರೆ ಒಂದು ಬಳೆ, ಕೊಳದಲ್ಲೇ ಸಾಕುವ ತಂಡಕ್ಕೆ ಎರಡು ಸಲ ಅದ್ದಿದರೆ ಎರಡು ಬಳೆ. ಇದನ್ನು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪ್ರತಿ ಮೀನೂ ತಲೆಯೊಳಗೆ ಜಾತಕ ಇಟ್ಟುಕೊಂಡು ಓಡಾಡುತ್ತಿದೆ, ನಾವು ಸಾರು ಮಾಡಿ ಆ ತಲೆಯನ್ನು ಚೀಪಿ ಬಿಸಾಡುತ್ತಿದ್ದೇವೆ.

ಆದರೆ ಸಂತೋಷವಾದರೂ ಸುಮ್ಮನಿರುವ ಪೈಕಿ ಅಲ್ಲವಲ್ಲ.

"ಬಣ್ಣದಿಂದಲೇ ಮರಿ ಸತ್ತರೆ?" ಎಂದೆ.

ಮೊರಿಟಾ ಪಕ್ಕದ ತೊಟ್ಟಿ ತೋರಿಸಿದರು. ಅಲ್ಲಿ ಅದೇ ದಿನ ಹುಟ್ಟಿದ ಅಷ್ಟೇ ಮರಿ, ಬರೀ ನೀರು, ಅಷ್ಟೇ ಹೊತ್ತು. "ಅಲ್ಲಿ ಎಷ್ಟು ಸತ್ತವೋ ಅದನ್ನು ಇಲ್ಲಿಯದರ ಜೊತೆ ಹೋಲಿಸುತ್ತೇವೆ."

"ಸರಿ. ಬಣ್ಣ ಹಾಕದ ಮೀನಿನ ಕಲ್ಲು ತಾನಾಗಿಯೇ ಹೊಳೆದರೆ?"

ಅವರು ತಲೆಯಾಡಿಸಿದರು. ಈ ದೇಶದ ಜನರ ಜೊತೆ ನನಗೆ ದೊಡ್ಡ ಕಷ್ಟ ಇದೇ. ನಮ್ಮಲ್ಲಿ ಒಂದು ಮಾತು ಎಸೆದರೆ ಅದು ಕೆಳಗೆ ಬೀಳುವ ಮುಂಚೆ ಮೂರು ಮಾತು ತಿರುಗಿ ಬರುತ್ತವೆ. ಇಲ್ಲಿ 'ಹೌದಲ್ಲ' ಎಂದು ತಲೆಯಾಡಿಸಿ ಯೋಚನೆಗೆ ಕೂರುತ್ತಾರೆ. ಎದುರಾಳಿಯೇ ಬಾರದ ಚರ್ಚಾಸ್ಪರ್ಧೆ. ನಾನು ಗೆದ್ದೆನೋ ಸೋತೆನೋ ತಿಳಿಯದೆ ವೇದಿಕೆಯಲ್ಲಿ ಒಬ್ಬಳೇ ನಿಂತಿರುತ್ತೇನೆ.

ಮೊರಿಟಾ ಎದ್ದು ಹೋಗಿ ಒಂದು ಮರದ ಪೆಟ್ಟಿಗೆ ತಂದರು. "ಹೊಳೆಯುತ್ತದೆ, ಸ್ವಲ್ಪ. ನೋಡಿ," ಎಂದು ಬಣ್ಣ ಹಾಕದ ಮೀನಿನ ಕಲ್ಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹಸಿರು ಬೆಳಕು ಬಿಟ್ಟಾಗ ಕಲ್ಲು ಇಡಿಯಾಗಿ ಮಂಕಾಗಿ ಮಿನುಗಿತು, ಹಳೇ ಬಲ್ಬಿನ ಹಾಗೆ. ಆಮೇಲೆ ಬಣ್ಣದ ಮೀನಿನದು ಇಟ್ಟರು.

ಹಾಸ್ಟೆಲಿನಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ನಾವು ಕಾಫಿ ಕಾಯಿಸುತ್ತಿದ್ದ ಕರೆಂಟ್ ಒಲೆ ನೆನಪಾಯಿತು. ಕಾಯಿಲ್ ನಿಧಾನಕ್ಕೆ ಕೆಂಪಾಗಿ ಆಮೇಲೆ ಕಿತ್ತಳೆಯಾಗುತ್ತದಲ್ಲ, ಹಾಗೆ ಉರಿಯುವ ಒಂದು ಬಳೆ ಕತ್ತಲ ನಡುವೆ ನಿಂತಿತ್ತು. ಮಂಕು ಮಿನುಗಿಗೂ ಇದಕ್ಕೂ ಗೊಂದಲವೇ ಇಲ್ಲ. ನಾನು ಕಣ್ಣು ತೆಗೆಯಲೇ ಇಲ್ಲ. ಊಟಕ್ಕೆ ಕರೆದರೂ ತೆಗೆಯಲಿಲ್ಲ.

ಐದನೇ ದಿನ: ಕೊಜಿಮಾ ಅವರ ಗದ್ದೆ

ಗುರುತು ಹಾಕಿದ ಮರಿಗಳನ್ನು ಕೆಲವು ರೈತರು ತಮ್ಮ ಭತ್ತದ ಗದ್ದೆಯಲ್ಲಿ ಸಾಕುತ್ತಾರೆ. ನಾಟಿ ಮಾಡಿ ನೀರು ನಿಲ್ಲಿಸಿದ ಗದ್ದೆಯಲ್ಲಿ ಮರಿ ಬಿಟ್ಟರೆ ಅಲ್ಲಿ ದೊಡ್ಡ ಮೀನಿನ ಭಯವಿಲ್ಲ, ಹುಳು ಹುಪ್ಪಟೆ ಬೇಕಾದಷ್ಟು. ಬೆರಳ ಗೆಣ್ಣಿನಷ್ಟಾದಾಗ ಗದ್ದೆಯ ನೀರು ಬಿಟ್ಟರೆ ಕಾಲುವೆ ಹಿಡಿದು ತಾವೇ ಸರೋವರ ಸೇರುತ್ತವೆ. ನಮ್ಮಲ್ಲಿ ಚಾಕಿ ಕೇಂದ್ರದವರು ರೇಷ್ಮೆ ಹುಳುವನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುತ್ತಾರಲ್ಲ, ಹೆಚ್ಚೂಕಡಿಮೆ ಅದೇ.

ಅಂದು ಕೊಜಿಮಾ ಎಂಬ ಎಪ್ಪತ್ತರ ಅಜ್ಜ ತಮ್ಮ ಗದ್ದೆಯ ನೀರು ಬಿಡುವ ದಿನ. ತೂಬಿನ ಹಲಗೆ ಎತ್ತಿದ್ದೇ ತಡ, ಕೆಸರು ನೀರಿನ ಜೊತೆ ಬೆಳ್ಳಿ ಚೂರುಗಳು ಉದುರಲಾರಂಭಿಸಿದವು. ಅವರು ಕೆಳಗೆ ಬಲೆ ಹಿಡಿದು, ಚಹಾದ ಬಟ್ಟಲಿನಿಂದ ಅಳೆದು ಅಳೆದು ಕಾಲುವೆಗೆ ಹಾಕುತ್ತಿದ್ದರು. ಪ್ರತಿ ಬಟ್ಟಲಿಗೂ ಒಂದು ಹುಲ್ಲುಕಡ್ಡಿ ಬದಿಗಿಡುತ್ತಿದ್ದರು. ನಾನು ಬದುವಿನಲ್ಲಿ ಸರಸರ ನಡೆಯಲು ಹೋಗಿ ಮಂಡಿಯವರೆಗೆ ಕೆಸರಿಗಿಳಿದೆ. ಒಂದು ಬೂಟು ಅಲ್ಲೇ ಉಳಿಯಿತು. ಅಜ್ಜ ಅದನ್ನು ಎಳೆದು ತೆಗೆದು, ಒಳಗೆ ಸೇರಿದ್ದ ಎರಡು ಮರಿಗಳನ್ನು ಮೊದಲು ಕಾಲುವೆಗೆ ಬಿಟ್ಟು, ಆಮೇಲೆ ಬೂಟನ್ನು ನನಗೆ ಕೊಟ್ಟರು.

ಮಧ್ಯಾಹ್ನ ಅವರ ಮನೆಯಲ್ಲಿ ಊಟ. ಫುನಾಜುಶಿ ತಂದಿಟ್ಟರು. ಇದೇ ಮೀನನ್ನು ಉಪ್ಪು ಹಾಕಿ, ಆಮೇಲೆ ಅನ್ನದಲ್ಲಿ ಹೂತು, ತಿಂಗಳುಗಟ್ಟಲೆ ಹುಳಿ ಬರಿಸಿದ್ದು. ಮುಚ್ಚಳ ತೆಗೆದಾಗ ಬಂದ ವಾಸನೆಗೆ ನಮ್ಮಜ್ಜಿಯ ಉಪ್ಪಿನಕಾಯಿ ಜಾಡಿ, ಮೂರು ದಿನದ ತಂಗಳನ್ನದ ನೀರು, ಒದ್ದೆ ಗೋಣಿ ಎಲ್ಲ ಒಟ್ಟಿಗೆ ನೆನಪಾದವು. ತಿಂದ ಮೇಲೆ ಇನ್ನೆರಡು ತುಂಡು ಹಾಕಿಸಿಕೊಂಡೆ. ಹುಳಿ ತಿನ್ನಲು ಯಾರೂ ನಮಗೆ ಹೇಳಿಕೊಡಬೇಕಿಲ್ಲ.

ನನ್ನ ಊರು ರೇಷ್ಮೆಯ ಊರು ಎಂದು ತಿಳಿದು ಅಜ್ಜ ಅಟ್ಟದ ಕಡೆ ಕೈ ತೋರಿಸಿದರು. ಅವರ ತಾಯಿ ಅಲ್ಲೇ ಹುಳು ಸಾಕುತ್ತಿದ್ದರಂತೆ, ಸೊಪ್ಪು ಮೇಯುವ ಸದ್ದು ಮಳೆಯಂತೆ ಕೇಳುತ್ತಿತ್ತಂತೆ. ಮೊರಿಟಾ ಅನುವಾದಿಸುವ ಮುಂಚೆಯೇ ನನಗೆ ಅರ್ಥವಾಗಿತ್ತು, ಏಕೆಂದರೆ ಬೆರಳುಗಳಿಂದ ಚಾಪೆಯ ಮೇಲೆ ಆ ಸದ್ದು ಮಾಡಿ ತೋರಿಸಿದರು.

ಆಗ ನಾನು ಸಂಘದ ಸಭೆಯ ಕಥೆ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ, ಸುಳ್ಳೇಕೆ. ಕೋಡಿ, ಕೊರವ ಮೀನು, ಪಿಳ್ಳಪ್ಪ ತಲೆ ಆಡಿಸಿದ್ದು, ಎಲ್ಲ. ಅಜ್ಜ ಗಮನವಿಟ್ಟು ಕೇಳಿ ಒಂದೇ ಒಂದು ಪ್ರಶ್ನೆ ಕೇಳಿದರು.

ಮೊರಿಟಾ ಅನುವಾದಿಸಿದರು: "ನಿಮ್ಮ ಮಾವ ಮರಿ ಬಿಡುವಾಗ ನೀವು ಯಾವತ್ತಾದರೂ ಅಲ್ಲಿದ್ದಿರಾ, ಎಂದು ಕೇಳುತ್ತಿದ್ದಾರೆ."

ಇರಲಿಲ್ಲ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಇರಲಿಲ್ಲ. ಚಿಂತಾಮಣಿಯಿಂದ ಬಸ್ಸಿಗೆ ಒಂದು ಗಂಟೆಯ ದಾರಿ. ಇರುವುದಕ್ಕೂ ವಾದಕ್ಕೂ ಏನು ಸಂಬಂಧ ಎಂದು ಹೇಳಬಹುದಿತ್ತು, ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಜ್ಜ ಅಷ್ಟರಲ್ಲಿ ನನಗೆ ಇನ್ನೊಂದು ತುಂಡು ಹಾಕುತ್ತಿದ್ದರು.

ಏಳನೇ ದಿನ: ಕಳೆದುಹೋದ ಕಲ್ಲು

ಕಳೆದ ಚಳಿಗಾಲದಲ್ಲಿ ಮೀನುಗಾರರಿಂದ ಕೊಂಡ ಮೀನುಗಳ ಕಿವಿಗಲ್ಲು ತೆಗೆಯುವುದು ಈಗಿನ ಕೆಲಸ. ತಲೆಯನ್ನು ಸೀಳಿ, ಚಿಮುಟದಿಂದ ಕಲ್ಲನ್ನು ಎತ್ತಿ ಕಪ್ಪು ತಟ್ಟೆಯಲ್ಲಿಡಬೇಕು. ಗಾತ್ರ ರಾಗಿಕಾಳು. ಮನೆಯಲ್ಲಿ ರಾಗಿಯಿಂದ ಕಲ್ಲು ಆರಿಸಿದ ಕೈ ನನ್ನದು, ಚೆನ್ನಾಗೇ ಕೂಡಿಬಂತು. ಬೆಳಗಿನಿಂದ ಒಂದೂ ತಪ್ಪಿರಲಿಲ್ಲ.

ಅಷ್ಟರಲ್ಲಿ ಮಾವನ ಫೋನು. ಅಲ್ಲಿ ಬೆಳಗಿನ ಸೊಪ್ಪು ಕೊಯ್ಯುವ ಹೊತ್ತು, ಇಲ್ಲಿ ಒಂಬತ್ತೂವರೆ. ಸ್ಪೀಕರ್ ಹಾಕಿ ಪಕ್ಕಕ್ಕಿಟ್ಟೆ.

"ಏನಮ್ಮ, ಕಿವಿ ಸಿಕ್ತಾ?"

"ಸಿಕ್ತು ಮಾವ. ಕೈಯಲ್ಲೇ ಐತೆ."

"ಹಂಗಾದ್ರೆ ಒಂದ್ಕಿತ ಕರ್ದು ನೋಡು, ಓ ಅಂತಾವೇನೋ."

ನಾನು ನಕ್ಕೆ. ಮೂಗಿನಿಂದ ಬಂದ ಗಾಳಿಗೆ ತಟ್ಟೆಯಲ್ಲಿದ್ದ ಕಲ್ಲು ಹಾರಿಹೋಯಿತು.

ಮುಂದೆ ನಡೆದದ್ದನ್ನು ನೀವು ನಂಬುವುದಿಲ್ಲ. ಮೊರಿಟಾ ಮತ್ತು ಕೋಣೆಯಲ್ಲಿದ್ದ ಇಬ್ಬರು ಸಹಾಯಕರು ಟಾರ್ಚು ತಂದು, ನೆಲಕ್ಕೆ ಮೊಣಕಾಲೂರಿ, ಬೆಳಕನ್ನು ಅಡ್ಡಡ್ಡಲಾಗಿ ಹಾಯಿಸಿ ಹುಡುಕಲು ಶುರುಮಾಡಿದರು. ಒಂದು ಮೀನಿನ ಒಂದು ಕಲ್ಲಿಗೆ. ಆ ಮೀನಿನ ಇನ್ನೊಂದು ಕಿವಿಯ ಕಲ್ಲು ಮೊದಲೇ ಒಡೆದಿತ್ತು, ಉಳಿದಿದ್ದು ಇದೊಂದೇ. ನಾನೂ ನೆಲಕ್ಕಿಳಿದೆ. ಮಾವನ ಧ್ವನಿ ಮೇಜಿನ ಮೇಲಿಂದ, "ಅಲೋ, ಅಲೋ, ಏನಾಯ್ತಮ್ಮ," ಎನ್ನುತ್ತಲೇ ಇತ್ತು.

ಮುಕ್ಕಾಲು ಗಂಟೆ ಹುಡುಕಿದೆವು. ಸಿಗಲಿಲ್ಲ.

"ಸರೋವರದ ಮೀನುಗಳಲ್ಲಿ ಹೆಚ್ಚಿನವು ಬಣ್ಣವಿಲ್ಲದವೇ ಅಲ್ಲವೇ," ಎಂದೆ ನಾನು, ಸಹಾಯ ಮಾಡುವವಳಂತೆ. "ಇದನ್ನೂ ಹಾಗೆಯೇ ಬರೆದುಕೊಳ್ಳಬಹುದಲ್ಲ?"

ಮೊರಿಟಾ ಮಂಡಿಯ ಧೂಳು ಕೊಡವಿಕೊಂಡು, ಪುಸ್ತಕ ತೆಗೆದು, ಆ ಮೀನಿನ ಸಂಖ್ಯೆಯ ಮುಂದೆ ಒಂದು ಪದ ಬರೆದರು. ಏನೆಂದು ಕೇಳಿದೆ.

"ಕಳೆದುಹೋಯಿತು."

ಯಾರು ಕಳೆದರು ಎಂದು ಬರೆದಿರಲಿಲ್ಲ. ಬಳೆ ಇದೆ ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ನಾನು ಗೆದ್ದ ಯಾವ ಸ್ಪರ್ಧೆಯಲ್ಲೂ ಇಂಥ ಮೂರನೆಯ ಚೀಟಿ ಇರಲಿಲ್ಲ.

ಒಂಬತ್ತನೇ ಮತ್ತು ಹತ್ತನೇ ದಿನ: ನಲವತ್ತು ಗಾಜು

ಮೊರಿಟಾ ನನಗೆ ನಲವತ್ತು ಗಾಜಿನ ಪಟ್ಟಿಗಳ ಪೆಟ್ಟಿಗೆ ಕೊಟ್ಟರು. ಪ್ರತಿಯೊಂದರ ಮೇಲೂ ಒಂದು ಕಿವಿಗಲ್ಲು ಅಂಟಿಸಿದೆ. ಮೇಲೆ ಬರೀ ಸಂಖ್ಯೆ. ಕಲ್ಲನ್ನು ನುಣ್ಣನೆಯ ಉಪ್ಪುಕಾಗದದ ಮೇಲೆ ಉಜ್ಜುತ್ತಾ ನಡುವಿನ ಭಾಗ ತೆರೆಯುವವರೆಗೆ ತೆಳುವಾಗಿಸಬೇಕು, ಹಸಿರು ಬೆಳಕಿನಲ್ಲಿ ನೋಡಬೇಕು, 'ಇದೆ' ಅಥವಾ 'ಇಲ್ಲ' ಬರೆಯಬೇಕು. ಯಾವ ಮೀನು ಸರೋವರದಲ್ಲೇ ಹುಟ್ಟಿದ್ದು, ಯಾವುದು ಕೊಜಿಮಾ ಅಜ್ಜನಂಥವರ ಗದ್ದೆಯಿಂದ ಹೋದದ್ದು ಎಂದು ಲೋಕದಲ್ಲಿ ಮೊದಲು ತಿಳಿಯುವವಳು ನಾನು.

ಎರಡು ದಿನ ಕೂತು ಮುಗಿಸಿದೆ. ಬಳೆ ಕಂಡಾಗಲೆಲ್ಲ ಎದ್ದು ನಿಂತು ಮತ್ತೆ ಕೂರುತ್ತಿದ್ದೆ. ಆದರೂ 'ಇಲ್ಲ'ಗಳೇ ಬಹಳ. ಸಂಜೆ ಹಾಳೆ ಕೊಡುವಾಗ ಮಾವನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. 'ಜಪಾನಿನಲ್ಲೂ ಬಿಟ್ಟ ಮೀನು ಅಷ್ಟಾಗಿ ಉಳಿಯೋದಿಲ್ಲ ಮಾವ.' ಧ್ವನಿ ಎಷ್ಟು ಮೃದುವಾಗಿರಬೇಕು ಎಂಬುದನ್ನೂ ಯೋಚಿಸಿದ್ದೆ.

ಮೊರಿಟಾ ಇನ್ನೊಂದು ಹಾಳೆ ತೆಗೆದು ನನ್ನದರ ಪಕ್ಕಕ್ಕಿಟ್ಟರು.

"ಈ ನಲವತ್ತರಲ್ಲಿ ಹತ್ತು ಸರೋವರದ ಮೀನಿನದಲ್ಲ," ಎಂದರು. "ನಮ್ಮ ತೊಟ್ಟಿಯಲ್ಲೇ ಬಣ್ಣ ಹಾಕಿ ಬೆಳೆಸಿದವು. ಅವುಗಳಲ್ಲಿ ಬಳೆ ಇರಲೇಬೇಕು. ಇನ್ನು ಹತ್ತು, ಬಣ್ಣವೇ ಹಾಕದ ತೊಟ್ಟಿಯವು. ಕಲಿಯುವವರಿಗೆಲ್ಲ ಹೀಗೇ ಬೆರೆಸಿ ಕೊಡುತ್ತೇವೆ."

ಬಣ್ಣ ಹಾಕದ ಹತ್ತಕ್ಕೂ ನಾನು 'ಇಲ್ಲ' ಬರೆದಿದ್ದೆ. ಹತ್ತಕ್ಕೆ ಹತ್ತು. ಬಣ್ಣ ಹಾಕಿದ ಹತ್ತರಲ್ಲಿ ನಾಲ್ಕಕ್ಕೂ 'ಇಲ್ಲ' ಬರೆದಿದ್ದೆ.

ಸುಮ್ಮನಿರಲಿಲ್ಲ ನಾನು. ಬಣ್ಣ ಮಾಸಿರಬಹುದು ಎಂದೆ. ಬಲ್ಬು ಹಳತಾಗಿರಬಹುದು ಎಂದೆ. ಮೊರಿಟಾ ಆ ನಾಲ್ಕರಲ್ಲಿ ಒಂದನ್ನು ತೆಗೆದು, ಉಪ್ಪುಕಾಗದದ ಮೇಲೆ ಇನ್ನೂ ಇಪ್ಪತ್ತು ಸಲ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನನಗೆ ಜಾಗ ಬಿಟ್ಟರು.

ಬಳೆ ಅಲ್ಲೇ ಇತ್ತು. ಕಾದ ಕಾಯಿಲ್. ನಾನು ಉಜ್ಜುವುದನ್ನು ಅದು ಕಾಣುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿದ್ದೆ. ನಾಲ್ಕಕ್ಕೆ ನಾಲ್ಕರಲ್ಲೂ ಹಾಗೆಯೇ. ಕೆಂಪು ಕಂಡ ಕಲ್ಲುಗಳನ್ನು ನಡುವಿನವರೆಗೆ ಉಜ್ಜಿದ್ದೆ. ಮೊದಲ ನೋಟಕ್ಕೆ ಏನೂ ಕಾಣದವುಗಳಲ್ಲಿ 'ಇಲ್ಲ' ಎಂದು ಬರೆಯುವ ಆತುರಕ್ಕೆ ಅರ್ಧಕ್ಕೇ ಕೈಬಿಟ್ಟಿದ್ದೆ. ಅದು ನನಗೇ ಗೊತ್ತಾಗಿರಲಿಲ್ಲ.

"ನಾಚಿಕೆ ಬೇಡ," ಎಂದ ಮೊರಿಟಾ ಕಪಾಟಿನಿಂದ ಅಂಚು ಹಳದಿಯಾದ ಒಂದು ಹಾಳೆ ತಂದರು. ಅವರೇ ಕಲಿಯುವಾಗ ಬರೆದದ್ದು. ಅವರು ಒಂದೂ 'ಇದೆ' ತಪ್ಪಿಸಿರಲಿಲ್ಲ. ಬದಲಿಗೆ ಬಣ್ಣ ಹಾಕದ ಐದು ಮೀನುಗಳಲ್ಲಿ ಬಳೆ ಕಂಡಿದ್ದರು. "ಆ ವರ್ಷ ಮರಿಗಳನ್ನು ನಾನೇ ಸಾಕಿದ್ದೆ. ರಾತ್ರಿ ಎದ್ದು ಎದ್ದು ನೋಡಿಕೊಂಡಿದ್ದೆ. ಅದಕ್ಕೇ ಎಲ್ಲದರಲ್ಲೂ ನನ್ನ ಮೀನೇ ಕಂಡಿತು. ಅಂದಿನಿಂದ ಇಲ್ಲಿ ಸಾಕಿದವರು ನೋಡುವಂತಿಲ್ಲ. ಯಾವ ಪೆಟ್ಟಿಗೆಯನ್ನೂ ಒಬ್ಬರೇ ನೋಡುವಂತಿಲ್ಲ."

ಉಳಿದ ಇಪ್ಪತ್ತು, ಅಂದರೆ ನಿಜವಾದ ಸರೋವರದ ಮೀನುಗಳನ್ನು, ನಾನು ಮತ್ತೆ ಉಜ್ಜಿದೆ. ಇನ್ನೂ ಐದರಲ್ಲಿ ಬಳೆ ಸಿಕ್ಕಿತು. ಒಂದೊಂದು ಸಿಕ್ಕಾಗಲೂ ಕೂಗಿಕೊಳ್ಳುವಷ್ಟು ಸಂತೋಷ. ಸೋತು ಇಷ್ಟು ಕುಣಿದದ್ದು ಇದೇ ಮೊದಲು.

ಮರಳಿ: ಸಂಘದ ಕೋಣೆ

ಸಭೆ ಸೇರಿದ ದಿನ ಕೆರೆಗೆ ಅರ್ಧ ನೀರು ಬಂದಿತ್ತು. ತಕ್ಕಡಿ, ಬಲೆಗಳ ನಡುವೆ ಚಾಪೆ ಹಾಕಿಕೊಂಡು ಹದಿನೈದು ಜನ. ಮಾವ ಗೋಡೆಗೊರಗಿ ಕೂತಿದ್ದರು, ಹೆಗಲ ಮೇಲೆ ಅದೇ ಟವೆಲ್. ಬಂದಾಗಿನಿಂದ ನಾನು ಅವರಿಗೆ ಏನನ್ನೂ ಹೇಳಿರಲಿಲ್ಲ. ಹೇಳಿದರೆ ಎಲ್ಲರ ಮುಂದೆಯೇ ಹೇಳಬೇಕು ಅನ್ನಿಸಿತ್ತು, ಎಲ್ಲರ ಮುಂದೆಯೇ ಅವರ ಬಾಯಿ ಕಟ್ಟಿದವಳು ನಾನಲ್ಲವೇ.

ಹೇಳಿದೆ. ಬೀಟ್‌ರೂಟ್ ನೀರು, ಬಳೆ, ಗದ್ದೆ. ಆ ಸರೋವರದಲ್ಲಿ ಬಿಟ್ಟ ಮರಿ ಉಳಿದು ಬಲೆಗೆ ಬೀಳುವುದನ್ನು ಕಣ್ಣಾರೆ ನೋಡಿದೆ ಎಂದೆ. ಆಮೇಲೆ ನಾಲ್ಕು ಕಲ್ಲಿನ ಕಥೆಯನ್ನೂ ಹೇಳಿದೆ.

ಪಿಳ್ಳಪ್ಪ ಗಡ್ಡ ಕೆರೆದುಕೊಂಡು, "ಇಂತಕೀ ಗೆಲಿಚಿಂದಿ ಎವರಮ್ಮಾ?" ಎಂದು ತೆಲುಗಿನಲ್ಲೇ ಕೇಳಿದರು, ಕೊನೆಗೆ ಗೆದ್ದವರು ಯಾರು ಅಂತ.

"ಗೊತ್ತಿಲ್ಲ ತಾತ. ಆ ಕೆರೆ ಬೇರೆ, ನಮ್ಮ ಕೆರೆ ಬೇರೆ. ನಮ್ದರಲ್ಲಿ ಮಾವ ಬಿಟ್ಟಿದ್ದು ಉಳೀತಾವೋ ಇಲ್ವೋ ನಂಗೆ ಗೊತ್ತಿಲ್ಲ. ಸಂಕ್ರಾಂತೀಲೂ ಗೊತ್ತಿರಲಿಲ್ಲ. ಗೊತ್ತಿದ್ದೋಳ ಥರ ಮಾತಾಡ್ದೆ."

ಯಾರೋ ಹಿಂದಿನಿಂದ, "ಜಪಾನ್‌ಗೋಗಿ ಗೊತ್ತಿಲ್ಲ ಅಂತ ತಿಳ್ಕಂಡು ಬಂದ್ಲಾ," ಎಂದರು. ನಗು ಎದ್ದಿತು. ನಾನೂ ನಕ್ಕೆ.

ಮಾವ ನಗಲಿಲ್ಲ. ಗೋಡೆ ಬಿಟ್ಟು ಮುಂದಕ್ಕೆ ಬಾಗಿದರು. "ಆ ಬಣ್ಣ ನಮ್ಗೆ ಸಿಗ್ತೈತಾ?"

ಸಿಗುತ್ತದೆ, ಆದರೆ ತಿನ್ನುವ ಮೀನು, ಇಲಾಖೆಗೆ ಬರೆದು ಒಪ್ಪಿಗೆ ಪಡೆಯಬೇಕು ಎಂದೆ.

"ಬರಿ ಹಂಗಾದ್ರೆ. ಒಪ್ಗೆ ಬಂದ್ರೆ ಈ ಸಲ ಬಿಡೋ ಮರಿಗೆಲ್ಲ ಗುರ್ತು ಹಾಕಣ. ಬಲೇಲಿ ಸಿಕ್ಕಿದ್ರಲ್ಲಿ ಬಳೆ ಇದ್ರೆ ನಮ್ದು, ಇಲ್ದಿದ್ರೆ ಮೇಲಿನ ಕೆರೇದು. ಒಪ್ಪಿದೋರು ಕೈ ಎತ್ತಿ." ಕೈಗಳು ಏಳುತ್ತಿರುವಾಗಲೇ ನನ್ನ ಕಡೆ ತಿರುಗಿದರು. "ಆದ್ರೆ ಕಲ್ಲು ನೋಡೋದು ನೀನಲ್ಲ ಕಣಮ್ಮ. ನಾನೂ ಅಲ್ಲ. ನಿಂಗೆ ಒಂದ್ರಲ್ಲೂ ಕಾಣ್ಸಲ್ಲ, ನಂಗೆ ಎಲ್ಲಾದ್ರಲ್ಲೂ ಕಾಣ್ಸುತ್ತೆ."

ಮೊರಿಟಾ ಅವರ ಹಳದಿ ಹಾಳೆಯ ಮಾತನ್ನು ನಾನು ಸಭೆಯಲ್ಲಿ ಹೇಳಿರಲೇ ಇಲ್ಲ.

ಒಪ್ಪಿಗೆ ಬಂತು. ಕಲ್ಲು ನೋಡಲು ಚಿಂತಾಮಣಿಯ ನನ್ನ ಹಳೆಯ ಮೇಡಂ ಮತ್ತು ಅವರ ಸಹೋದ್ಯೋಗಿಯೊಬ್ಬರು ಒಪ್ಪಿದ್ದಾರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸದೆ. ಹುಳುಮನೆಯ ಪಕ್ಕದ ಸಿಮೆಂಟು ತೊಟ್ಟಿಯಲ್ಲಿ ಮರಿಗಳನ್ನು ಸರದಿಯ ಮೇಲೆ ಬೀಟ್‌ರೂಟ್ ನೀರಿನಲ್ಲಿಟ್ಟೆವು. ಪಕ್ಕದಲ್ಲಿ ಒಂದು ಸಣ್ಣ ತೊಟ್ಟಿ, ಬರೀ ನೀರು. ಅತ್ತೆ ಕಾಲು ತೊಳೆಯದೆ ಎರಡರ ಹತ್ತಿರವೂ ಬರಬಾರದೆಂದು ಊರಿಗೆಲ್ಲ ತಾಕೀತು ಮಾಡಿದರು.

ಬಿಡುವ ದಿನ ನಾನು ಇದ್ದೆ. ಸೊಂಟಮಟ್ಟದ ನೀರಲ್ಲಿ ನಿಂತು ಮರಿ ತುಂಬಿದ ಚೀಲವನ್ನು ಕಟ್ಟಿದ ಬಾಯಿಯ ಸಮೇತ ಕೆರೆಯ ಮೇಲೆ ತೇಲಿಸಿ ಹಿಡಿದಿದ್ದೆ.

"ಎಷ್ಟೊತ್ತು ಹಿಡ್ಕೋಬೇಕು ಮಾವ?"

"ಒಳಗಿನ್ ನೀರು ಹೊರಗಿನ್ ನೀರು ಒಂದೇ ಬಿಸಿ ಆಗೋ ಗಂಟ. ಅವಸರ ಮಾಡಿದ್ರೆ ಸಾಯ್ತಾವೆ."

ತೋಳು ಸೋತು ಬಿದ್ದುಹೋಗುವಂತಿತ್ತು. ಹನ್ನೆರಡು ವರ್ಷ ಈ ಮನುಷ್ಯ ಹೀಗೆ ನಿಂತಿದ್ದರು. ಕೊನೆಗೆ ಅವರೇ ಬಂದು ಚೀಲದ ಬಾಯಿ ಬಿಚ್ಚಿ ನಿಧಾನಕ್ಕೆ ಬಗ್ಗಿಸಿದರು. ಮರಿಗಳು ಒಂದು ಕ್ಷಣ ಒಟ್ಟಾಗಿ ನಿಂತು, ಹೊಗೆ ಚದುರಿದಂತೆ ಚದುರಿದವು. ಒಂದು ಮಾತ್ರ ನನ್ನ ಬೆರಳ ಸಂದಿಯಲ್ಲಿ ನಿಂತೇ ಇತ್ತು.

"ಅದೂ ನಮ್ದೇ ಕಣಮ್ಮ, ಬಿಡು."

ಬಾಯಿಗೆ ಬಂದುಬಿಟ್ಟಿತು, ಏನು ಮಾಡಲಿ. "ಏನ್ ಸಾಕ್ಷಿ?"

ಮಾವ ಖಾಲಿ ಚೀಲ ಹಿಂಡಿ ಹೆಗಲಿಗೆ ಹಾಕಿಕೊಂಡರು. "ಕಿವಿ ನೋಡು," ಎಂದು ದಡದ ಕಡೆ ಹೊರಟರು.